ಕೊರಿಯನ್ ಅನ್ನೋದಕ್ಕೆ ಸಾಕ್ಷಿ ಏನು?

ಇದೊಂದು ಕೇಳಿಬಿಡಿ. ಚಹಾ ಆರಿದರೆ ಇನ್ನೊಮ್ಮೆ ಕಾಸಿಕೊಳ್ಳಬಹುದು, ಅಪೊಲೋನ್ ಹೆಗಾಯ್ ಕತೆಯನ್ನು ಮಾತ್ರ ಅರ್ಧಕ್ಕೆ ಬಿಟ್ಟು ಎದ್ದವರಿಲ್ಲ.

ತಾಷ್ಕೆಂಟಿನ ಹೊರಗೆ, ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕೊರಿಯನ್ನರ ಸಾಮೂಹಿಕ ಬೇಸಾಯ ನಡೆಯುತ್ತಿದ್ದ ಆ ಊರಿನಲ್ಲಿ ಅಪೊಲೋನ್‌ನಷ್ಟು ಕೊರಿಯನ್ ಆದವನು ಇನ್ನೊಬ್ಬನಿರಲಿಲ್ಲ. ಮುಖ ಹುಣ್ಣಿಮೆ ಚಂದ್ರ. ಬೆಳಿಗ್ಗೆ ಸೋಯಾ ಸಾರು, ಮಧ್ಯಾಹ್ನ ತಣ್ಣನೆಯ ಕುಕ್ಸಿ ಶಾವಿಗೆ, ಎರಡರ ನಡುವೆ ಊರಿಗೆಲ್ಲ ಕೇಳುವಂಥ ತೇಗು. ಇಂಥವನನ್ನು ಕೊರಿಯನ್ ಹೌದೋ ಅಲ್ಲವೋ ಎಂದು ಕೇಳುವುದು ಮೀನಿಗೆ ಈಜು ಬರುತ್ತಾ ಎಂದು ಕೇಳಿದ ಹಾಗೆ.

ಆದರೆ ವೀಸಾ ಕಚೇರಿ ಕೇಳಿತು.

ಮಗಳು ಇನ್ನಾ ಕೊರಿಯಾದ ಆನ್ಸಾನ್‌ನಲ್ಲಿದ್ದಳು. ಅವಳ ಮಗನಿಗೆ ವರ್ಷ ತುಂಬುವ ಹಬ್ಬ, ಅಸ್ಯಾಂದಿ, ಹತ್ತಿರ ಬಂದಿತ್ತು. ಮೇಜಿನ ಮೇಲೆ ನೂಲು, ಅಕ್ಕಿ, ಪುಸ್ತಕ, ಕತ್ತರಿ ಇಟ್ಟು ಮಗು ಯಾವುದಕ್ಕೆ ಕೈ ಹಾಕುತ್ತದೆಂದು ನೋಡುವಾಗ ಎದುರಿಗೆ ಅಜ್ಜ ಇರಲೇಬೇಕು. ಅಜ್ಜನ ಜಾಗ ಖಾಲಿ ಇದ್ದರೆ ಮಗುವಿನ ಬದುಕೇ ಕುಂಟುತ್ತದೆಂದು ನಂಬಿದ ಜನ ಇವರು. ಅಂದು ಸಂಜೆಯೊಳಗೆ ಕೊರಿಯನ್ ವಂಶದವರಿಗೆಂದೇ ಕೊಡುವ ವೀಸಾಕ್ಕೆ ಅರ್ಜಿ ಬಿದ್ದರೆ ಮಾತ್ರ ಹಬ್ಬಕ್ಕೆ ತಲುಪಬಹುದಿತ್ತು.

ಪಕ್ಕದ ಮನೆಯ ಉಜ್ಬೆಕ್ ಗೆಳೆಯ ತುರ್ಸುನ್ ತನ್ನ ವ್ಯಾನಿನಲ್ಲಿ ಕರೆದೊಯ್ದ. ಇಬ್ಬರೂ ಒಂದೇ ರಾತ್ರಿ ಹುಟ್ಟಿದವರು. ದಾರಿಯುದ್ದಕ್ಕೂ ತುರ್ಸುನ್ ಸಲಹೆ ಕೊಟ್ಟ. ಕಚೇರಿಯ ಸಾಲಿನಲ್ಲಿ ನಿಂತವರಿಗೂ ಕೊಟ್ಟ. ಕಾವಲುಗಾರನಿಗೂ ಕೊಡಲು ಹೋಗಿ ಬೈಸಿಕೊಂಡ.

ಅಪೊಲೋನ್ ಪಾಸ್‌ಪೋರ್ಟಿನಿಂದ ಹಿಡಿದು ಅಮ್ಮನ ಸಮಾಧಿಯ ಫೋಟೋದವರೆಗೆ ಎಲ್ಲವನ್ನೂ ಕಿಟಕಿಯೊಳಗೆ ಸುರಿದ. ಒಳಗಿದ್ದ ಹುಡುಗಿ ಜನನ ಪತ್ರ ಕೇಳಿದಳು. ಅದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಇಲಿ ತಿಂದುಹಾಕಿತೆಂದು ಅಮ್ಮ ಹೇಳುತ್ತಿದ್ದಳು.

"ನನ್ನ ಮುಖ ನೋಡಮ್ಮ," ಎಂದ ಅಪೊಲೋನ್.

"ನೋಡ್ದೆ ಮಾವ. ಅದರ ಮೇಲೆ ಮೊಹರಿಲ್ಲ."

ಸಿಟ್ಟಿಗೆದ್ದು ಅಜ್ಜಿಯಿಂದ ಕಲಿತ ಕೊರಿಯನ್ ಭಾಷೆಯಲ್ಲೇ ವಾದಕ್ಕಿಳಿದ. ಸಿಯೋಲ್‌ನಿಂದ ಬಂದಿದ್ದ ಹುಡುಗಿ ಗೌರವದಿಂದ ಪೂರ್ತಿ ಕೇಳಿಸಿಕೊಂಡು, ಅನುವಾದಕರನ್ನು ಕರೆಸಿದಳು.

ಅಲ್ಲಿಂದ ದಾಖಲೆಗಳ ಕಚೇರಿಗೆ ಓಟ. ಅಲ್ಲಿನ ಹೆಂಗಸು ಹಳೆಯ ಜನನ ಪುಸ್ತಕ ತೆಗೆದು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಆ ರಾತ್ರಿ ಹೆಗಾಯ್ ದಂಪತಿಗೆ ಗಂಡು ಮಗು ಹುಟ್ಟಿದ್ದು ನಿಜ, ಕುಲ ಕೊರಿಯನ್ ಎಂದಿರುವುದೂ ನಿಜ. ಮಗುವಿನ ಹೆಸರು ತುರ್ಸುನ್. ಅಪೊಲೋನ್ ಎಂಬ ಮಗುವೂ ಅದೇ ಪುಟದಲ್ಲಿತ್ತು. ಅದರ ತಂದೆ ರಹೀಮ್ ಸಬೀರೋವ್, ತಾಯಿ ಸಬೋಹತ್, ಅಂದರೆ ತುರ್ಸುನ್‌ನ ಅಪ್ಪ ಅಮ್ಮ; ಕುಲ ಉಜ್ಬೆಕ್.

ತುರ್ಸುನ್ ಗೋಡೆ ಹಿಡಿದುಕೊಂಡು ನಕ್ಕ. "ಲೋ, ಇಷ್ಟು ವರ್ಷ ನಮ್ಮಪ್ಪನ ಆಸ್ತೀಲಿ ಪಾಲು ಕೇಳ್ದೆ ಸುಮ್ನಿದ್ದೀಯಲ್ಲ, ಎಂಥ ಒಳ್ಳೆಯವನೋ ನೀನು."

ಅಪೊಲೋನ್ ನಗಲಿಲ್ಲ. ವ್ಯಾನು ನೇರ ತುರ್ಸುನ್‌ನ ತಾಯಿ ಸಬೋಹತ್ ಮುಂದೆ ಹೋಗಿ ನಿಂತಿತು. ಮುದುಕಿ ತಂದೂರ್ ಒಲೆಯಿಂದ ರೊಟ್ಟಿ ತೆಗೆಯುತ್ತಿದ್ದಳು.

"ಚಿಕ್ಕಮ್ಮ, ನಾನು ಯಾರ ಮಗ?"

"ನಿಮ್ಮಮ್ಮನ ಮಗನೇ ಕಣೋ. ಅವಳಿಗೂ ನನಗೂ ಹುಟ್ಟಿದ ಕೂಸುಗಳು ಉಳೀತಿರಲಿಲ್ಲ. ನೀವಿಬ್ಬರು ಹುಟ್ಟಿದಾಗ ಸಾವಿಗೆ ಮನೆ ತಪ್ಪಿಹೋಗ್ಲಿ ಅಂತ ಪುಸ್ತಕದಲ್ಲಿ ನಿಮ್ಮ ಹೆಸರು ಅದಲುಬದಲು ಬರೆಸಿದ್ವಿ. ವರ್ಷ ತುಂಬಿದ ಮೇಲೆ ಸರಿಮಾಡ್ಸೋಣ ಅಂದ್ಕೊಂಡಿದ್ವಿ."

"ಯಾಕೆ ಮಾಡ್ಸಲಿಲ್ಲ?"

"ಆ ವರ್ಷ ಹತ್ತಿ ಚೆನ್ನಾಗಿ ಬಂತು. ಪುರುಸೊತ್ತೇ ಆಗ್ಲಿಲ್ಲ."

ಮುಂದೆ ಹುಡುಗರಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಸಾಮೂಹಿಕ ಬೇಸಾಯದ ಅಧ್ಯಕ್ಷರೇ ಬಂದು, ಯಾವ ಹುಡುಗ ಯಾರ ಮನೆಯವನೆಂದು ಬಾಯಲ್ಲಿ ಹೇಳಿದ್ದರಂತೆ. ಅಂದಿಗೆ ಅದು ಸಾಕಾಗಿತ್ತು. ಹೀಗೆ ಸಾವಿಗೇ ಟೋಪಿ ಹಾಕಿದ ಇಬ್ಬರು ತಾಯಂದಿರ ಕೈಚಳಕ ಅರವತ್ತು ವರ್ಷವಾದರೂ ಒಂದಿಷ್ಟೂ ಸವೆದಿರಲಿಲ್ಲ.

ಮುದುಕಿಯನ್ನು ಹಿಟ್ಟಿನ ಕೈಯಲ್ಲೇ ವ್ಯಾನಿಗೆ ಹತ್ತಿಸಿಕೊಂಡು ಮತ್ತೆ ವೀಸಾ ಕಚೇರಿಗೆ ಬಂದರು. ಬಾಗಿಲು ಮುಚ್ಚುವ ಹೊತ್ತು. ಸಬೋಹತ್ ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿ ಎಲ್ಲವನ್ನೂ ಹೇಳಿದಳು. ಕಿಟಕಿಯ ಹುಡುಗಿ ಕಣ್ಣೊರೆಸಿಕೊಂಡಳು, ಪ್ರತಿ ಮಾತನ್ನೂ ನಂಬುತ್ತೇನೆ ಎಂದಳು. ಆಮೇಲೆ ಅವರು ತಂದಿದ್ದ ಜನನ ಪುಸ್ತಕದ ನಕಲನ್ನು ಬೆಳಕಿಗೆ ಹಿಡಿದು ಮೊಹರು ನೋಡಿ, ಅಪೊಲೋನ್‌ನ ಹೆಗಲ ಮೇಲಿಂದ ಹಿಂದೆ ನಿಂತಿದ್ದ ತುರ್ಸುನ್‌ನತ್ತ ಇಣುಕಿ ಕೇಳಿದಳು:

"ಇಲ್ಲಿ ಕೊರಿಯನ್ ಅಂತ ಇರೋರು ತಾವಲ್ವಾ? ಅರ್ಜಿ ಹಾಕ್ತೀರಾ?"

ತುರ್ಸುನ್ ಹೌಹಾರಿದ. ತನಗೆ ಕೊರಿಯನ್ನರ ಆ ಖಾರದ ಎಲೆಕೋಸಿನ ವಾಸನೆಯೇ ಆಗುವುದಿಲ್ಲ, ಕೊರಿಯಾದಲ್ಲಿ ತನಗೇನು ಕೆಲಸ ಎಂದ. ಅಷ್ಟರಲ್ಲಿ ಇನ್ನಾ ಫೋನ್ ಮಾಡಿದಳು. ವಿಷಯವನ್ನೆಲ್ಲ ಕೇಳಿಕೊಂಡು ಹೇಳಿದಳು:

"ಅಪ್ಪಾ, ಅಜ್ಜನ ಜಾಗ ಖಾಲಿ ಇರಬಾರದು. ಬರೋಕಾಗೋರು ಯಾರೋ ಅವರನ್ನೇ ಕಳಿಸು."

ತುರ್ಸುನ್‌ನ ಅರ್ಜಿಯನ್ನು ಅಪೊಲೋನ್ ತನ್ನ ಕೈಯಾರೆ ತುಂಬಿದ. ಪುಸ್ತಕದ ಹೆಗಾಯ್ ಪಾಸ್‌ಪೋರ್ಟಿನಲ್ಲಿ ಸಬೀರೋವ್ ಆದದ್ದಕ್ಕೆ ಬೇಕಾದ ಚೀಟಿಗೂ ಮಾರನೆಯ ದಿನ ತಾನೇ ಓಡಾಡಿದ.

ಹಬ್ಬದ ದಿನ ಅಪೊಲೋನ್ ತುರ್ಸುನ್‌ನ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕೂತು ಫೋನಿನಲ್ಲಿ ನೋಡಿದ. ಮೊಮ್ಮಗ ನೂಲು, ಪುಸ್ತಕ, ಅಕ್ಕಿ ಯಾವುದನ್ನೂ ಮುಟ್ಟದೆ ಮೇಜು ದಾಟಿ ಹೋಗಿ ತುರ್ಸುನ್‌ನ ಗಡ್ಡ ಹಿಡಿದುಕೊಂಡ. ಮಗು ಥೇಟ್ ಅಜ್ಜನ ಹಾಗೇ ಎಂದು ನೆಂಟರೆಲ್ಲ ಚಪ್ಪಾಳೆ ತಟ್ಟಿದರು.

ಬಾಯಿ ತುಂಬ ಎಲೆಕೋಸು ಅಗಿಯುತ್ತ ತುರ್ಸುನ್ ಫೋನಿಗೆ ಬಂದ. "ಅಪೊಲೋನಾ, ಇದು ರೂಢಿ ಆಗ್ಬಿಟ್ರೆ ರುಚಿ ಕಣೋ. ಇಲ್ಲೇ ಒಂದು ಕೆಲಸಾನೂ ಸಿಕ್ಕಿದೆ. ಇನ್ನೊಂದೆರಡು ವರ್ಷ ಹಸು ನೋಡ್ಕೋತೀಯಲ್ಲ?"

ಹೇಳಿ, ಆ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?