ಗಮನದ ಪರೀಕ್ಷೆಗೆ ಟ್ಯೂಷನ್

ಮೂರು ಬಂದರೆ ಒತ್ತಬೇಕೋ, ಒತ್ತಬಾರದೋ? ಡಾಕ್ಟರು ಹೇಳಿದ್ದರು, ಖಂಡಿತ ಹೇಳಿದ್ದರು. ಆದರೆ ಆಗ ಸಿದ್ದೇಶನ ಕಣ್ಣು ಅವರ ಬಿಳಿ ಕೋಟಿನ ಮೇಲಿತ್ತು. ಎಡಜೇಬು ಬಲಜೇಬಿಗಿಂತ ಅರ್ಧ ಇಂಚು ಮೇಲೆ! ಯಾವ ಟೈಲರ್ ಹೊಲಿದಿರಬಹುದೆಂದು ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಡಾಕ್ಟರ ವಿವರಣೆಯೂ ಮುಗಿದಿತ್ತು. ತಲೆಯಲ್ಲಿ ಉಳಿದದ್ದು ಇಷ್ಟೇ: ಗಮನ ನಿಲ್ಲದವರಿಗೆ ಕೊಯ್ಯದೆ, ಚುಚ್ಚದೆ, ಹಣೆಗೆ ಪಟ್ಟಿ ಕಟ್ಟಿ ಮಿದುಳಿಗೆ ಸಣ್ಣ ಕರೆಂಟು ಕೊಡುವ ಹೊಸ ಪ್ರಯೋಗ. ಅದಕ್ಕೂ ಮೊದಲು, ಇವತ್ತು ಮೂರು ಗಂಟೆಗೆ, ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ.

ಆ ಕರೆಂಟು ಅವನಿಗೆ ಬೇಕೇ ಬೇಕಿತ್ತು. ಕಳೆದ ವಾರ ಒಂದೇ ರವಿಕೆಗೆ ಎರಡು ಎಡತೋಳು ಹೊಲಿದಿದ್ದ. "ಇನ್ನೊಂದ್ ತಪ್ಪಾದ್ರೆ ಕತ್ತರಿ ಕೆಳಗಿಟ್ಟು ಮನೆಗೆ ಹೋಗು" ಎಂದಿದ್ದ ಅಂಗಡಿ ಮಾಲೀಕ ಚಂದ್ರು.

ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಡತಿ ಅನುಪಮಾ "ಇವರಿಗೆ ಇವತ್ತು ಪರೀಕ್ಷೆ" ಎಂದಳು. ಅಷ್ಟೇ ಸಾಕಾಯಿತು. ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಸಣ್ಣಮಾದಯ್ಯ ಅಡಿಕೋಲಿನೊಂದಿಗೆ ಬಂದೇಬಿಟ್ಟರು.

"ಪರೀಕ್ಷೆ ಇಟ್ಕೊಂಡು ಕಾಫಿ ಕುಡೀತಾ ಕೂತಿದ್ದೀಯಲ್ಲೋ! ಸಿಲಬಸ್ ಏನು?"

ಅನುಪಮಾ ಆಸ್ಪತ್ರೆಯ ಚೀಟಿ ನೋಡಿ ಹೇಳಿದಳು: "ಯಾವ ಅಂಕಿ ಬಂದ್ರೂ ಬಟನ್ ಒತ್ತಬೇಕಂತೆ ಮೇಷ್ಟ್ರೇ. ಮೂರು ಬಂದ್ರೆ ಮಾತ್ರ ಸುಮ್ನಿರ್ಬೇಕಂತೆ."

"ಎಷ್ಟಕ್ಕೆ ಪಾಸು?"

"ಬರ್ದಿಲ್ಲ."

"ಹಂಗಾದ್ರೆ ನೂರಕ್ಕೇ ಗುರಿ ಇಡೋದು!"

ಮೇಷ್ಟ್ರು ಅಂಕಿ ಕೂಗಿದರು, ಸಿದ್ದೇಶ್ ಚಮಚದಿಂದ ಲೋಟ ಬಡಿದ. ಮೂರಕ್ಕೆ ಬಡಿದಾಗಲೆಲ್ಲ ಗೆಣ್ಣಿನ ಮೇಲೆ ಅಡಿಕೋಲು. "ಗದ್ದಲದಲ್ಲೂ ಗಮನ ಇರ್ಬೇಕು ಕಣಪ್ಪ" ಎಂದು ಎದುರುಮನೆಯ ಬೆಟ್ಟಮ್ಮ ತಮ್ಮ ಮಿಕ್ಸಿ ತಂದು ಅವನ ಕಿವಿಯ ಪಕ್ಕದಲ್ಲೇ ಓಡಿಸಿದರು. ಮಧ್ಯಾಹ್ನ ಅನುಪಮಾ ಮೂರನೆಯ ದೋಸೆ ಬಡಿಸಿದಾಗ ಅವನು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡ.

ಆಟೋದಲ್ಲಿ ಮೇಷ್ಟ್ರೂ ಬೆಟ್ಟಮ್ಮನೂ ಜೊತೆಗೇ ಹೊರಟರು. ಪರೀಕ್ಷೆಯ ಕೋಣೆಯ ಗಾಜಿನಾಚೆ ಮೇಷ್ಟ್ರು ಅಡಿಕೋಲು ಹಿಡಿದು ನಿಂತರು. ಸಿದ್ದೇಶ್ ಇಪ್ಪತ್ತು ನಿಮಿಷ, ಹಲ್ಲಿ ಕಂಡ ಬೆಕ್ಕಿನಂತೆ, ಪರದೆಯನ್ನೇ ನೋಡಿದ. ಅಷ್ಟು ಹೊತ್ತು ಅವನ ಮನಸ್ಸು ಒಂದೇ ಕಡೆ ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು.

"ತೊಂಬತ್ತೆಂಟು!" ಎಂದರು ಡಾಕ್ಟರು.

"ಹಂಗಾದ್ರೆ ಕರೆಂಟು ಇವತ್ತೇ ಕೊಡ್ತೀರಾ ಮೇಡಂ?"

"ಕರೆಂಟ್ ಯಾಕ್ರೀ? ಅವತ್ತೇ ಹೇಳಿದ್ನಲ್ಲ, ಅರವತ್ತಕ್ಕಿಂತ ಕಮ್ಮಿ ಬಂದೋರಿಗೆ ಮಾತ್ರ ಅಂತ. ನಿಮ್ಮ ಗಮನ ನನಗಿಂತ ಚೆನ್ನಾಗಿದೆ."

"ಇನ್ನೊಂದ್ಸಲ ಕೊಡಿ ಮೇಡಂ. ಫೇಲಾಗಿ ತೋರಿಸ್ತೀನಿ."

"ಒಬ್ಬರಿಗೆ ಒಂದೇ ಸಲ." ಅವರು ಮುಂದಿನ ಹೆಸರು ಕೂಗಿದರು.

ಹೊರಗೆ ಮೇಷ್ಟ್ರು ಅಂಕ ಕೇಳಿ ಕಣ್ಣೊರೆಸಿಕೊಂಡರು. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಅವರ ಯಾವ ಶಿಷ್ಯನೂ ಇಷ್ಟು ತೆಗೆದಿರಲಿಲ್ಲ. ಮರುಕ್ಷಣವೇ ಗದರಿದರು: "ಇನ್ನೆರಡು ಎಲ್ಲಿ ಹೋಯ್ತೋ?"

ಬೆಟ್ಟಮ್ಮ ಆಟೋದಿಂದಲೇ ಎಲ್ಲರಿಗೂ ಫೋನು ಮಾಡಿದ್ದರು. ಉದಯಗಿರಿಯ ಮನೆ ತಲುಪುವಷ್ಟರಲ್ಲಿ ಬಾಗಿಲಲ್ಲಿ ಚಂದ್ರು ನಿಂತಿದ್ದ; ಒಂದು ಕೈಯಲ್ಲಿ ಮೈಸೂರು ಪಾಕು, ಇನ್ನೊಂದರಲ್ಲಿ ಕೆಂಪು ಬಟ್ಟೆಯ ಗಂಟು.

"ಡಾಕ್ಟ್ರೇ ಗ್ಯಾರಂಟಿ ಕೊಟ್ಟವ್ರಲ್ಲ! ಬ್ಯಾಂಡಿನೋರ ಇಪ್ಪತ್ತು ಕೋಟು ಇನ್ನು ನೀನೇ ಹೊಲಿ. ನಾಡಿದ್ದಿಗೆ ಬೇಕು. ಈಗ್ಲೂ ತಪ್ಪಿದ್ರೆ, ಬೇಕಂತ್ಲೇ ಮಾಡ್ದೆ ಅಂತ್ಲೇ ಲೆಕ್ಕ."

ಗಂಟು ಸಿದ್ದೇಶನ ಕೈಗೂ, ಸಿಹಿ ಬಾಯಿಗೂ ಬಂತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅನುಪಮಾ ನಗುತ್ತಿದ್ದಳು.

ಪಾಸಾದದ್ದಕ್ಕೇ ಚಿಕಿತ್ಸೆ ತಪ್ಪಿತೆಂದು ಸಿದ್ದೇಶ್ ಯಾರಿಗೂ ಹೇಳಲಿಲ್ಲ.