ಮಾವನವರಿಗೊಂದು ದೋಣಿ

ಗೊತ್ತಿರುವ ಕೆಲಸಕ್ಕೆ ಇಳಿಯುವಾಗ ನನಗೆ ನೂರು ಅನುಮಾನ ಏಳುತ್ತವೆ. ಗೊತ್ತಿಲ್ಲದ ಕೆಲಸವಾದರೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಉದ್ಯೋಗ. ಅಲ್ಲಿ ಒಂದು ಕಿಟಕಿಯನ್ನು ಅರ್ಧ ಅಡಿ ಆಚೆ ಸರಿಸಬೇಕಾದರೂ ಮೂರು ಜನರನ್ನು ಕೇಳುತ್ತೇನೆ. ಆದರೆ ಮಾವನವರು ಕೂತು ಮೀನು ಹಿಡಿಯಲು ಎಂಥ ದೋಣಿ ಬೇಕು ಎಂಬ ಪ್ರಶ್ನೆ ಎದ್ದಾಗ, ಈಜು ಬಾರದ, ಜನ್ಮದಲ್ಲಿ ದೋಣಿ ಹತ್ತದ ನಾನು ಯಾರನ್ನೂ ಕೇಳಲಿಲ್ಲ. ಮಾವನವರನ್ನೂ ಕೇಳಲಿಲ್ಲ.

ಮಾವನವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅತ್ತೆಯವರು ತೀರಿಕೊಂಡ ಮೇಲೆ ಜಯನಗರದ ನಮ್ಮ ಮನೆಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಒಂದು ಗಾಳದ ಕೋಲಿನೊಂದಿಗೆ ಬಂದರು. ನಮ್ಮದು ಈರುಳ್ಳಿ ಬೇಯಿಸುವುದಕ್ಕೂ ತಿಥಿ ನೋಡುವ ಮನೆ. ಅಂಥಲ್ಲಿ ಗಾಳದ ಕೋಲು ಹೇಗೆ ಬಂತೆಂದರೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮೇಲಿದ್ದ ಬಿಳಿ ದೊರೆಯೊಬ್ಬನಿಗೆ ಆ ಹುಚ್ಚಿತ್ತಂತೆ. ದೊರೆ ಊರಿಗೆ ಹೋದ. ಹುಚ್ಚನ್ನು ಇವರಿಗೆ ಬಿಟ್ಟುಹೋದ. ಆದರೆ ಮಾವನವರು ಅದನ್ನು ಶಾಸ್ತ್ರೋಕ್ತವಾಗಿ ಶುದ್ಧಿ ಮಾಡಿಕೊಂಡಿದ್ದರು. ಎರೆಹುಳ ಮುಟ್ಟುತ್ತಿರಲಿಲ್ಲ. ರಾಗಿ ಹಿಟ್ಟನ್ನು ಬೇಯಿಸಿ, ಚೂರು ಇಂಗು ಹಾಕಿ ನಾದಿದ ಉಂಡೆಯೇ ಆಮಿಷ. ಮೀನು ಸಿಕ್ಕಿದರೆ ಮೆಲ್ಲಗೆ ಗಾಳ ಬಿಡಿಸಿ, ಗಾಯಕ್ಕೆ ಒಂದು ಚಿಟಿಕೆ ಅರಿಸಿನ ಒತ್ತಿ, ಮತ್ತೆ ನೀರಿಗೇ ಬಿಡುವುದು. ಬಿಡುವಾಗ ‘ಹೋಗು’ ಎನ್ನಬಾರದಲ್ಲ, ಹಾಗಾಗಿ ‘ಹೋಗಿ ಬಾರಪ್ಪ’ ಎನ್ನುತ್ತಿದ್ದರು. ಮೀನುಗಳೂ ಮರ್ಯಾದಸ್ಥರೇ ಇರಬೇಕು, ಕೆಲವು ಮುಂದಿನ ವಾರವೇ ಅರಿಸಿನದ ಬಾಯಿ ಸಮೇತ ಮತ್ತೆ ಬಂದದ್ದುಂಟು ಎಂದು ಮಾವನವರು ಪ್ರಮಾಣ ಮಾಡುತ್ತಿದ್ದರು.

ಭಾನುವಾರ ಬಂತೆಂದರೆ ಬನ್ನೇರುಘಟ್ಟದ ಬಸ್ಸು ಹತ್ತಿ ಗೊಟ್ಟಿಗೆರೆಯಲ್ಲಿ ಇಳಿದು, ಕೆರೆಯ ಜೊಂಡನ್ನು ದಾಟಿ ನೀರಿನಲ್ಲಿ ನಡೆದು, ಒಂದು ಬಂಡೆಯ ಮೇಲೆ ಕೂರುವುದು ಅವರ ವಾಡಿಕೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಬಿದ್ದರು. ಮೂಳೆ ಕೂಡಿತು, ಆದರೆ ಮಂಡಿ ಮತ್ತೆ ಬಗ್ಗಲಿಲ್ಲ. ಆರು ತಿಂಗಳು ನಡುಮನೆಯ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಕೂತರು. ಮೊದಲು ನನ್ನ ಹೆಂಡತಿ ಶಾರದೆಯ ಸಾರಿಗೆ ಹುಳಿ ಸಾಲದೆಂದರು, ಆಮೇಲೆ ನಾನು ಪತ್ರಿಕೆ ಮಡಚುವ ರೀತಿ ಸರಿಯಿಲ್ಲವೆಂದರು. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಒಂದು ಬೆಳಿಗ್ಗೆ, “ಅಳಿಯಂದ್ರೇ, ಆ ಕೋಲು ಯಾರಿಗಾದ್ರೂ ಕೊಟ್ಬಿಡಿ. ಮೂಲೇಲಿ ಸುಮ್ನೆ ಧೂಳು ಹಿಡೀತಿದೆ” ಎಂದರು. ಅವತ್ತಿನಿಂದ ಸಾರಿನ ಬಗ್ಗೆಯೂ ಮಾತಾಡಲಿಲ್ಲ. ಶಾರದೆ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. “ಹುಳಿ ಸಾಲದು ಅಂತಾದ್ರೂ ಅನ್ಲಿ ರೀ. ಹೀಗೆ ಸುಮ್ನೆ ಕೂತ್ರೆ ಅಪ್ಪ ನಮಗೆ ಉಳಿಯಲ್ಲ” ಎಂದಳು. ನನಗೂ ಭಯವಾಯಿತು. ನೀರಿಗಿಳಿದು ನಡೆಯಲಾಗದಿದ್ದರೆ ಏನಂತೆ, ದೋಣಿಯಲ್ಲಿ ಕೂರಿಸೋಣ ಎಂದು ನಾನೇ ಘೋಷಿಸಿದೆ.

ಆಗ ನನ್ನ ತಲೆಯಲ್ಲಿದ್ದದ್ದು ನಮ್ಮ ಮನೆಯ ಹೊಸ್ತಿಲು. ಅದನ್ನು ದಾಟಲು ಮಾವನವರು ಪಡುತ್ತಿದ್ದ ಪಾಡನ್ನು ದಿನಾ ನೋಡುತ್ತಿದ್ದೆ. ದೋಣಿಯ ಅಂಚಾದರೋ ಎರಡಡಿ ಎತ್ತರದ ಹೊಸ್ತಿಲು; ಕಾಲೆತ್ತಿ ದಾಟುವುದೆಂತು? ಕಚೇರಿಯಲ್ಲೇ ಕೂತು ಅದಕ್ಕೆ ಪರಿಹಾರ ಬರೆದೆ: ದೋಣಿಗೆ ಪಕ್ಕದಲ್ಲಿ ಒಂದು ಬಾಗಿಲು. ತೆರೆದು ಒಳಗೆ ಹೋಗುವುದು, ಚಿಲಕ ಹಾಕಿಕೊಳ್ಳುವುದು. ಒಳಗೆ ಒರಗು ಬೆಂಚು, ಹಿಡಿದುಕೊಳ್ಳಲು ಕಟಾಂಜನ, ಬುತ್ತಿಗೊಂದು ಗೂಡು. ಶಾರದೆ ನಕ್ಷೆ ನೋಡಿ, “ವಾರಕ್ಕೊಂದಿನ ಕೆರೆಗೆ ಹೋಗೋದಕ್ಕೆ ಇಷ್ಟು ಮರವೇ? ಮಿಕ್ಕ ದಿನ ಸಂಡಿಗೆ ಒಣಗಿಸೋದಕ್ಕೂ ಆಗೋ ಹಾಗೆ ಮಾಡ್ಸಿ” ಎಂದಳು. ಅದನ್ನೂ ಸೇರಿಸಿದೆ. ಕವುಚಿ ಹಾಕಿದರೆ ತಳ ಸಪಾಟಾಗಿ ಮಂಚದ ಹಾಗೆ ನಿಲ್ಲಬೇಕು.

ಸಿದ್ದಾಪುರದಲ್ಲಿ ನಮಗೆ ಮಂಚ, ಮಣೆ ಮಾಡಿಕೊಟ್ಟಿದ್ದ ಪುಟ್ಟಾಚಾರಿಗೆ ನಕ್ಷೆ ಕೊಟ್ಟೆ. ಅವನೂ ದೋಣಿ ಕಂಡವನಲ್ಲ. ಆದರೆ ಬಾಗಿಲು ಕಂಡವನು. “ಬಾಗ್ಲು ಅಂದ್ಮೇಲೆ ಹೊಸ್ತಿಲು ಇರ್ಬೇಕು ಸ್ವಾಮಿ. ಒಂದ್ ಗೇಣಾದ್ರೂ ಇಡ್ತೀನಿ. ಹೊಸ್ತಿಲಿಲ್ದಿದ್ರೆ ಲಕ್ಷ್ಮಿ ನಿಲ್ಲಾಕಿಲ್ಲ” ಎಂದ. ನಾನು ಅವನ ಮೂಢನಂಬಿಕೆಯನ್ನು ಕುರಿತು ಕಾಲು ಗಂಟೆ ಮಾತಾಡಿ, ಹೊಸ್ತಿಲನ್ನು ಅರ್ಧ ಅಂಗುಲಕ್ಕೆ ಇಳಿಸಿದೆ. ನಕ್ಷೆ ಮಡಚುತ್ತಾ ಅವನು “ನಿಮ್ಮಿಷ್ಟ” ಎಂದ. ಆ ಮಾತನ್ನು ಆಚಾರಿಗಳು ಹೇಳಿದಾಗ ಹುಷಾರಾಗಿರಬೇಕೆಂದು ಈಗ ನನಗೆ ಗೊತ್ತು.

ದೋಣಿಗೆ ಅರಿಸಿನ ಕುಂಕುಮ ಹಚ್ಚಿ, ಎತ್ತಿನ ಗಾಡಿಯಲ್ಲಿ ಹೇರಿ, ಒಂದು ಭಾನುವಾರ ಗೊಟ್ಟಿಗೆರೆಗೆ ಹೊರಟೆವು. ದಾರಿಯಲ್ಲಿ ಜನ ಇದೇನು ಬೀರುವೋ ಪಲ್ಲಕ್ಕಿಯೋ ಎಂದು ಕೇಳಿದರು. ಮಾವನವರು ಕೋಲು ಹಿಡಿದು ಗಾಡಿಯ ಹಿಂದೆ ಕೂತಿದ್ದರು. ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. ಮಂಡಿಯುದ್ದ ನೀರಿಗೆ ಮರದ ಹಲಗೆ ಹಾಸಿ, ನಾನೇ ಚಿಲಕ ತೆಗೆದೆ. ಮಾವನವರು ಬೀಗರ ಮನೆ ಹೊಕ್ಕಂತೆ ಗಂಭೀರವಾಗಿ ಒಳಹೊಕ್ಕು ಬೆಂಚಿನ ಮೇಲೆ ಕೂತರು. ಅವರ ಹಿಂದೆಯೇ, ಅರ್ಧ ಅಂಗುಲದ ಹೊಸ್ತಿಲು ದಾಟಿ, ಕೆರೆಯೂ ಒಳಗೆ ಬಂತು. ನಾನು ಬಾಗಿಲು ಹಾಕಿದೆ, ಚಿಲಕ ಜಡಿದೆ, ಬೆನ್ನು ಕೊಟ್ಟು ಒತ್ತಿದೆ. ದೋಣಿ ಅವಸರವೇ ಇಲ್ಲದೆ ತಳ ಸೇರಿತು. ಪುಣ್ಯಕ್ಕೆ ಹೆಚ್ಚು ನೀರಿರಲಿಲ್ಲ. ಮಾವನವರು ಸೊಂಟದವರೆಗೆ ಮುಳುಗಿ, ಕಟಾಂಜನ ಹಿಡಿದು, ನೆಟ್ಟಗೆ ಕೂತೇ ಇದ್ದರು. “ಅಳಿಯಂದ್ರೇ, ಬಾಗಿಲು ತೆಗೀರಿ. ಮನೆಗೆ ಹೋಗೋಣ” ಎಂದರು. ಆ ದನಿ ಕೇಳಿ ನನಗೆ ಅಲ್ಲೇ ಮುಳುಗಿಹೋಗೋಣ ಅನ್ನಿಸಿತು.

ಅಷ್ಟರಲ್ಲಿ, ಆ ಕೆರೆಯಲ್ಲಿ ಬಲೆ ಬೀಸುತ್ತಿದ್ದ ಮುನಿಯಪ್ಪ ತನ್ನ ಹರಿಗೋಲು ತಿರುಗಿಸಿಕೊಂಡು ಹತ್ತಿರ ಬಂದ. ಮಾವನವರನ್ನು ಅವನು ವರ್ಷಗಳಿಂದ ಬಲ್ಲ. “ಏನ್ ಬುದ್ಧಿ, ನೀರಾಗೆ ಮನೆ ಕಟ್ಟುಸ್ತಾ ಇದೀರಾ?” ಎಂದವನು, ಅವರನ್ನು ಎತ್ತಿ ದಡ ಸೇರಿಸಿ, ಒಂದೇ ಪ್ರಶ್ನೆ ಕೇಳಿದ: “ಯಾವ ಕಾಲು ಬಗ್ಗಾಕಿಲ್ಲ?” ನಾನು ಮುಂದೆ ಬಂದು ಎಡಗಾಲು ಎಂದೆ. ಮಾವನವರು ಬಲಗಾಲು ಎಂದರು. ಆರು ತಿಂಗಳು ಒಂದೇ ಸೂರಿನಡಿ ಇದ್ದು, ಬೆಂಚನ್ನು ಎಡಗಾಲಿಗೆ ಹೊಂದಿಸಿ ಕೊಯ್ಯಿಸಿದ್ದೆ.

ಮುನಿಯಪ್ಪ ಹರಿಗೋಲನ್ನು ಬುಟ್ಟಿಯ ಹಾಗೆ ಎತ್ತಿ ಒಣ ನೆಲದ ಮೇಲಿಟ್ಟ. ಬಿದಿರು ಹೆಣೆದು ಟಾರು ಬಳಿದ ಗೋಣಿ ಹೊದಿಸಿದ್ದು. ಚರ್ಮದ್ದಲ್ಲವಷ್ಟೆ ಎಂದು ಶಾರದೆಯ ಪರವಾಗಿ ನಾನು ವಿಚಾರಿಸಿದೆ. ಅದರ ಅಂಚು ಮೊಣಕಾಲಿಗಿಂತ ತಗ್ಗು. ಅದನ್ನು ಒಂದು ಕಡೆಗೆ ವಾಲಿಸಿ ಹಿಡಿದಾಗ ಅಂಚು ನೆಲಕ್ಕೇ ಬಂತು. ಮಾವನವರು ಒಳಗೆ ಹುಲ್ಲಿನ ಮೂಟೆಯ ಮೇಲೆ ಕೂತು ಬಲಗಾಲು ಚಾಚಿದರು. ದುಂಡನೆಯದಾದ್ದರಿಂದ ಕಾಲು ಯಾವ ದಿಕ್ಕಿಗೆ ಚಾಚಿದರೂ ಜಾಗವಿತ್ತು. ಆಮೇಲೆ ಮುನಿಯಪ್ಪ ಅವರ ಸಮೇತ ಅದನ್ನು ನೀರಿಗೆ ತಳ್ಳಿ, ಎಗರಿ ಕೂತು ಹುಟ್ಟು ಹಾಕಿದ. ಮನುಷ್ಯ ದೋಣಿಗೆ ಹತ್ತಬೇಕೆಂದು ನಾನು ನಕ್ಷೆಯ ಮೇಲೆ ನಕ್ಷೆ ಬರೆದಿದ್ದೆ. ದೋಣಿಯೇ ಮನುಷ್ಯನ ಹತ್ತಿರ ಬರಬಹುದೆಂದು ಹೊಳೆದಿರಲಿಲ್ಲ.

ಅರ್ಧ ಗಂಟೆಯ ಮೇಲೆ ಜೊಂಡಿನಾಚೆಯಿಂದ “ಹೋಗಿ ಬಾರಪ್ಪ!” ಎಂದು ಕೇಳಿಸಿತು. ಎದೆಯ ಮೇಲಿದ್ದ ಒರಳುಕಲ್ಲು ಇಳಿದ ಹಾಗಾಯಿತು. ಮನೆಗೆ ಬಂದು ಮಾವನವರು ಮೊದಲ ತುತ್ತಿಗೇ “ಹುಳಿ ಸಾಲದು” ಎಂದರು. ಶಾರದೆ ನನ್ನ ಮುಖ ನೋಡಿ ನಕ್ಕಳು, ಕಣ್ಣು ಮಾತ್ರ ತೇವವಾಗಿತ್ತು. ನನ್ನ ದೋಣಿ ಈಗ ಹಿತ್ತಿಲಲ್ಲಿ ನೆಟ್ಟಗೆ ನಿಂತು ಸೌದೆ ಕಾಯುತ್ತಿದೆ. ಬಾಗಿಲಿರುವುದರಿಂದ ಬಹಳ ಅನುಕೂಲವೆಂದು ಶಾರದೆ ನೆರೆಹೊರೆಯವರಿಗೆಲ್ಲ ತೋರಿಸುತ್ತಾಳೆ.

ಮುಂದಿನ ಭಾನುವಾರ ಮುನಿಯಪ್ಪ ನನ್ನನ್ನೂ ಕರೆದ. ಎರಡೂ ಕಾಲು ಗಟ್ಟಿಯಿರುವವನು ದಡದಲ್ಲಿ ಹತ್ತಿ ತಳ್ಳಿಸಿಕೊಳ್ಳುವುದು ಅವಮಾನವೆಂದು, ತೇಲುತ್ತಿದ್ದ ಹರಿಗೋಲಿಗೇ ಒಂದು ಕಾಲಿಟ್ಟೆ. ಅದು ಗಿರ್ರನೆ ತಿರುಗಿತು. ಇಟ್ಟ ಕಾಲು ಅದರ ಜೊತೆ ಹೋಯಿತು, ಇಡದ ಕಾಲು ನನ್ನ ಜೊತೆ ಉಳಿಯಿತು, ಕೆಸರಿನಲ್ಲಿ ಕೂತೆ. ಮತ್ತೆ ಎದ್ದೆ, ಮತ್ತೆ ಕೂತೆ. ಮೂರನೆಯ ಸಲ ಮುನಿಯಪ್ಪನಿಗೆ ನಿಜವಾಗಿಯೂ ಕನಿಕರ ಬಂತು. ದನಿ ತಗ್ಗಿಸಿ ಮಾವನವರನ್ನು ಕೇಳಿದ: “ಪಾಪ, ಇವ್ರಿಗೇನಾಗ್ಯದೆ ಬುದ್ಧಿ?”

“ಏನೂ ಆಗಿಲ್ಲಪ್ಪ,” ಎಂದರು ಮಾವನವರು, ರಾಗಿ ಉಂಡೆಯನ್ನು ಗಾಳಕ್ಕೆ ಚುಚ್ಚುತ್ತಾ. “ನಕ್ಷೆ ಬರೀತಾರೆ.”

ಬಸ್ಸಿನಿಂದ ಬಿದ್ದಂದಿನಿಂದ ಅವರು ಆಡಿದ ಮೊದಲ ತಮಾಷೆ ಅದು. ನನ್ನ ಮೇಲಾಯಿತೆಂದು ಮುನಿಸಿಕೊಳ್ಳುವಷ್ಟು ಬಡವ ನಾನಲ್ಲ. ಪಂಚೆಯ ಕೆಸರು ಹಿಂಡಿಕೊಂಡು, ಮೊಸರನ್ನದ ಡಬ್ಬಿಯ ಪಕ್ಕದಲ್ಲಿ ಗಟ್ಟಿ ನೆಲದ ಮೇಲೆ ನೆಮ್ಮದಿಯಾಗಿ ಕೂತೆ.