ಸಾಲು ಬಿಟ್ಟು ನಡೆದ ಕಬ್ಬು

"ಕಬ್ಬಿಗೆ ಏನ್ ಬೇಕು ಅಂತ ಇನ್ಮೇಲೆ ಕಬ್ಬೇ ಹೇಳ್ತದೆ!" ಎಂದು ತಿಬ್ಬೇಗೌಡರು ಬದುವಿನ ಮೇಲೆ ನಿಂತು ಘೋಷಿಸಿದರು. ಪಂಪ್‌ಸೆಟ್ ರಿಪೇರಿಯಲ್ಲಿ ಎತ್ತಿದ ಕೈ ಅವರು. ಹಾರೆ, ಹಳೇ ರೇಡಿಯೋ, ಟ್ರ್ಯಾಕ್ಟರ್ ಬ್ಯಾಟರಿ ಸೇರಿಸಿ ಕಟ್ಟಿದ 'ಕಬ್ಬುವಾಣಿ' ನೋಡಲು ಅರ್ಧ ಊರೇ ನೆರೆದಿತ್ತು. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ರಾಚಪ್ಪನೂ ಬಂದಿದ್ದ.

ಗೌಡರ ಹೆಂಡತಿ ಚಿಕ್ಕತಾಯಮ್ಮನಿಗೆ ಮಾತ್ರ ಗದ್ದೆಯದೇ ಚಿಂತೆ. ಎಕರೆಗೆ ಅರವತ್ತು ಟನ್ ಕೊಡುತ್ತಿದ್ದ ಗದ್ದೆ ಹೋದ ವರ್ಷ ಇಪ್ಪತ್ತೆಂಟಕ್ಕೆ ಇಳಿದಿತ್ತು. ಈ ಸಲವೂ ಹಾಗೇ ಆದರೆ ಗದ್ದೆಯನ್ನು ಭಾವನಿಗೆ ಗುತ್ತಿಗೆ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. "ನೀರು ಜಾಸ್ತಿಯಾಯ್ತು, ಸಾಲು ಒತ್ತಾಯ್ತು" ಎಂದು ಆಕೆ ಬಡಿದುಕೊಂಡಿದ್ದೇ ಬಂತು. ಗೌಡರು ಕಿವಿಗೆ ಹಾಕಿಕೊಂಡರೆ ತಾನೆ!

ಹಾರೆಯನ್ನು ಮಣ್ಣಿಗೆ ಚುಚ್ಚಿ ಗೌಡರು ಸ್ವಿಚ್ ಒತ್ತಿದರು. ರೇಡಿಯೋ ಕೆಮ್ಮಿತು.

"ನೀರು ಸಾಕ್ರಪ್ಪೋ! ಬೇರು ಕೊಳೀತಾ ಅದೆ!"

ಜನ ಗೊಳ್ಳೆಂದರು. ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೇಳುಸ್ತಾ?" ಎಂದಳು.

"ಸುಮ್ಕಿರಮ್ಮಿ! ವೈರು ತಿರುಗಮುರುಗ ಆಗದೆ!" ಎಂದು ರೇಗಿದ ಗೌಡರು ರೇಡಿಯೋದ ಗುಂಡಿಯನ್ನು ಕಡೇತನಕ ತಿರುಗಿಸಿಬಿಟ್ಟರು.

ಅಲ್ಲಿಗೆ ಕಬ್ಬು ಮಾತು ಬಿಟ್ಟು ಕೆಲಸಕ್ಕಿಳಿಯಿತು! ಕರೆಂಟು ಏರಿದ್ದೇ ತಡ, ಬೇರುಗಳೆಲ್ಲ ಹಾವಿನಂತೆ ಹರಿದು ಬದುವನ್ನೇ ಒಡೆದವು. ನಿಂತ ನೀರು ಭೋರೆಂದು ಹಳ್ಳಕ್ಕೆ ಇಳಿಯಿತು. ಜತೆಗೆ ರಾಚಪ್ಪನ ಚಪ್ಪಲಿಯೂ!

"ಆಫ್ ಮಾಡಿ ಅಂದ್ರೆ!"

"ಗುಂಡಿ ಕೈಗೇ ಬಂತು ಕಣಮ್ಮಿ!"

"ಒತ್ತಾಯ್ತು! ಜರುಗ್ರೋ!" ಎಂದು ರೇಡಿಯೋ ಅರಚಿತು. ಎರಡೆರಡು ಅಡಿಗೆ ಇಕ್ಕಟ್ಟಾಗಿ ನಿಂತಿದ್ದ ಸಾಲುಗಳು, ಒಂದು ಬಿಟ್ಟು ಒಂದು, ಮಣ್ಣಿನಿಂದ ಕಾಲು ಕಿತ್ತು ಹೊರಟೇಬಿಟ್ಟವು! ಒಂದು ಸಾಲು ರಾಚಪ್ಪನ ಬೈಕನ್ನು ಹೆಗಲಿಗೇರಿಸಿಕೊಂಡೇ ನಡೆಯಿತು. ಗೌಡರು ಒಂದು ಬುಡವನ್ನು ತಬ್ಬಿ ಹಿಡಿದರು. ಅದು ಅವರನ್ನೂ ದರದರ ಎಳೆದುಕೊಂಡು ಹೋಯಿತು.

ಚಿಕ್ಕತಾಯಮ್ಮ ಹೆದರಲಿಲ್ಲ. ಪಕ್ಕದ ತಮ್ಮದೇ ಬೀಳು ಹೊಲಕ್ಕೆ ಓಡಿ ಕೈ ಬೀಸಿದಳು. "ಇತ್ತಗೆ ಬನ್ರವ್ವ! ನಾಲ್ಕಡಿ ಬಿಟ್ಟು ನಿಂತ್ಕೊಳ್ಳಿ!"

ಗೌಡರಿಗೆ ಜಗ್ಗದ ಕಬ್ಬು ಆಕೆಯ ಮಾತಿಗೆ ಶಾಲೆಮಕ್ಕಳಂತೆ ಸಾಲುಗಟ್ಟಿತು. ಅಲ್ಲೇ ಬೇರೂರಿತು. ಬ್ಯಾಟರಿ ಮುಗಿದು ರೇಡಿಯೋ ತಣ್ಣಗಾಯಿತು.

ಆ ವರ್ಷ ಕಬ್ಬು ತೋಳಿನ ಗಾತ್ರ ಬಂತು. ಎಕರೆಗೆ ಎಪ್ಪತ್ತೊಂದು ಟನ್! ಗುತ್ತಿಗೆಯ ಮಾತನ್ನೇ ಯಾರೂ ಎತ್ತಲಿಲ್ಲ. ಮೊದಲ ಲಾರಿಗೆ ಸೇವಂತಿಗೆ ಹಾರ ಹಾಕಿ, ಊರವರು ಚಿಕ್ಕತಾಯಮ್ಮನನ್ನೇ ಡ್ರೈವರ್ ಪಕ್ಕ ಕೂರಿಸಿದರು.

ಗೌಡರು ಲಾರಿಯ ಮೆಟ್ಟಿಲಿಗೆ ಎಗರಿ, ಕಿಟಕಿ ಹಿಡಿದು ನಿಂತು, "ನೋಡ್ದಾ, ನನ್ನ ಮಿಷನ್ನು ಕೆಲ್ಸ ಮಾಡ್ತು!" ಎಂದರು.

"ಹೂಂ ಕಣ್ರೀ," ಎಂದಳು ಚಿಕ್ಕತಾಯಮ್ಮ, "ಕೆಟ್ಟೋದ್ಮೇಲೆ ಸಂದಾಗೇ ಮಾಡ್ತು."